ಹಿಮದ ಫೋಟೋ ಹಾಕಿದ್ರಿ, ಮುಚ್ಚಿದ ಬಾಗ್ಲಿನ ಕಥೆನೂ ಹಾಕಿ

ಸಂಪಾದಕರಿಗೆ ನಮಸ್ಕಾರ,

ಹೋದ ಭಾನುವಾರದ ನಿಮ್ಮ ಪುರವಣಿಲಿ ಹಿಮ ಬೀಳೋ ಊರುಗಳ ಬಗ್ಗೆ ಬಂದ ಲೇಖನನ ನಮ್ಮಮ್ಮ ತೀರ್ಥಹಳ್ಳಿಯಿಂದ ಫೋಟೋ ಹೊಡೆದು ವಾಟ್ಸಾಪ್ ಮಾಡಿದ್ರು, ಕೆಳಗೆ "ನಿಮ್ಮೂರು ಪೇಪರಲ್ಲಿ ಬಂದಿದೆ ನೋಡೇ" ಅಂತ ಬೇರೆ. ಅದು ನಮ್ಮೂರಲ್ಲ, ಸ್ವಿಟ್ಜರ್ಲೆಂಡು, ಆದ್ರೆ ಅಮ್ಮಂಗೆ ಬೆಳ್ಳಗೆ ಕಾಣೋದೆಲ್ಲ ನಮ್ಮೂರೇ. ಲೇಖನ ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ಬರೆದೋರು ನಾಲ್ಕು ದಿನ ಇದ್ದು ಬಂದಿದಾರೆ, ನಾಲ್ಕು ದಿನಕ್ಕೆ ಹಿಮ ನಿಜವಾಗ್ಲೂ ಚೆನ್ನಾಗೇ ಇರುತ್ತೆ. ನಾನು ಅಮೆರಿಕದ ಮಿನ್ನಿಯಾಪೊಲಿಸ್ ಪಕ್ಕದ ಒಂದು ಊರಲ್ಲಿ ಹದಿನೇಳನೇ ಚಳಿಗಾಲ ಕಳೀತಾ ಇದೀನಿ, ಹಾಗಾಗಿ ಈ ಕಡೆ ಮಾತೂ ಸ್ವಲ್ಪ ಬರೆಯೋಣ ಅನ್ನಿಸ್ತು. ಉದ್ದ ಆದ್ರೆ ಕತ್ತರಿಸ್ಕೊಳ್ಳಿ.

ಊರಿಗೆ ಬಂದಾಗ ಎಲ್ರೂ ಕೇಳೋದು ಒಂದೇ, ಎಷ್ಟು ಡಿಗ್ರಿ ಚಳಿ ಅಂತ. 2019ರ ಜನವರಿ 30ಕ್ಕೆ ಇಲ್ಲಿ ಮೈನಸ್ 33 ಸೆಲ್ಸಿಯಸ್ ಇತ್ತು, ಎಂಥ ಮಳೆ ಗಾಳಿಗೂ ಬರೋ ಪೋಸ್ಟಿನೋರೇ ಅವತ್ತು ಬರಲ್ಲ ಅಂದ್ಬಿಟ್ರು, ಸ್ಕೂಲಿಗೆಲ್ಲ ರಜಾ. ಆದ್ರೆ ಸತ್ಯ ಏನಂದ್ರೆ ಚಳಿಗೆ ಮನುಷ್ಯ ಹೇಗೋ ಹೊಂದ್ಕೋತಾನೆ, ಬಟ್ಟೆ ಮೇಲೆ ಬಟ್ಟೆ ಹಾಕಿದ್ರಾಯ್ತು. ದೋಸೆಹಿಟ್ಟು ಹುಳಿ ಬರಲ್ಲ, ಅದನ್ನ ಓವನ್ ಒಳಗಿಟ್ಟು ಬರೀ ಲೈಟ್ ಹಾಕಿಟ್ರೆ ಬೆಳಗ್ಗೆಗೆ ಉಬ್ಬಿರುತ್ತೆ, ಮೊಸರಿಗೂ ಅದೇ ಉಪಾಯ. ಕೊಬ್ಬರಿ ಎಣ್ಣೆ ಬಾಟ್ಲಿ ಕಲ್ಲಾಗಿರುತ್ತೆ, ಬಿಸಿನೀರಲ್ಲಿ ಅದ್ದಿದ್ರೆ ಸರಿ. ಸಂಕ್ರಾಂತಿಗೆ ಮಕ್ಕಳು ಲಂಗದ ಕೆಳಗೆ ಬೂಟು, ಮೇಲೆ ದಪ್ಪ ಜಾಕೆಟ್ಟು ಹಾಕ್ಕೊಂಡು ಎಳ್ಳು ಬೀರ್ತಾರೆ. ಇದೆಲ್ಲ ನಗೋ ವಿಷಯ, ನಾವೂ ನಗ್ತೀವಿ.

ತಡ್ಕೊಳ್ಳಕ್ಕೆ ಆಗದೇ ಇರೋದು ಕತ್ತಲೆ, ಮತ್ತೆ ಮುಚ್ಚಿದ ಬಾಗ್ಲು. ಡಿಸೆಂಬರಲ್ಲಿ ಇಲ್ಲಿ ಬೆಳಕಾಗೋದು ಎಂಟರ ಹತ್ರ, ಸಂಜೆ ನಾಲ್ಕೂವರೆಗೆ ಸೂರ್ಯ ಮುಳುಗಿ ಆಗಿರುತ್ತೆ, ಆಫೀಸಿಗೆ ಹೋಗೋದೂ ಕತ್ತಲಲ್ಲಿ, ಬರೋದೂ ಕತ್ತಲಲ್ಲಿ. ನವೆಂಬರಲ್ಲಿ ಕಿಟಕಿ ಹಾಕಿದ್ರೆ ಮತ್ತೆ ತೆಗೆಯೋದು ಏಪ್ರಿಲ್ ಕೊನೆಗೇ. ಎದುರುಮನೆ ಗ್ಯಾರೇಜಿನ ಬಾಗ್ಲು ತೆಗೆಯುತ್ತೆ, ಕಾರು ಹೊರಗೆ ಬರುತ್ತೆ, ಸಂಜೆ ಕಾರು ಒಳಗೆ ಹೋಗುತ್ತೆ, ಬಾಗ್ಲು ಮುಚ್ಚುತ್ತೆ. ಆ ಮನೆಯೋರ ಮುಖ ನಾನು ನೋಡಿ ಎಷ್ಟು ತಿಂಗಳಾಯ್ತೋ. ಅಮ್ಮ ಒಂದ್ಸಲ ಚಳಿಗಾಲದಲ್ಲೇ ಬಂದಿದ್ರು (ಟಿಕೆಟ್ ಕಮ್ಮಿಗೆ ಸಿಕ್ತು ಅಂತ ನಾವು ಮಾಡಿದ ತಪ್ಪು), ಮುಂದಿನ ರೂಮಿನ ಗಾಜಿನ ಹತ್ರ ಕುರ್ಚಿ ಹಾಕ್ಕೊಂಡು ದಿನಾ ರಸ್ತೆ ನೋಡೋರು. ಮೂರನೇ ದಿನ ಕೇಳಿದ್ರು, "ಅಲ್ವೇ, ಈ ಊರಲ್ಲಿ ಜನ ಇದಾರಾ ಇಲ್ವಾ?" ನಾಲ್ಕನೇ ದಿನ ಬೆಳಗ್ಗೆ ಅಭ್ಯಾಸಬಲದಲ್ಲಿ ಬಾಗ್ಲು ತೆಗೆದು ಹೊಸಿಲ ಮುಂದೆ ನೀರು ಹಾಕಿದಾರೆ, ರಂಗೋಲಿ ಡಬ್ಬಿ ತರಕ್ಕೆ ಒಳಗೆ ಹೋಗಿ ಬರೋ ಅಷ್ಟರಲ್ಲಿ ಆ ನೀರು ಗಾಜಾಗಿತ್ತು. ಪುಣ್ಯಕ್ಕೆ ಬೀಳಲಿಲ್ಲ. ಆಮೇಲೆ ವಾಪಸ್ ಹೋಗೋವರೆಗೂ ಆ ಬಾಗ್ಲು ತೆಗೀಲಿಲ್ಲ ಅಮ್ಮ.

ನನಗೇನೂ ಆಗಲ್ಲ ಅಂದ್ಕೊಂಡಿದ್ದೆ, ನಾಲ್ಕೈದು ವರ್ಷ ಆದ್ಮೇಲೆ ಜನವರಿ ಬಂತು ಅಂದ್ರೆ ಹಾಸಿಗೆಯಿಂದ ಏಳಕ್ಕೇ ಮನಸ್ಸಿಲ್ಲ, ಯಾರ ಫೋನೂ ಬೇಡ, ಸುಮ್ಸುಮ್ನೆ ಅಳು. ಡಾಕ್ಟರು ಹೇಳಿದ್ರು ಇದು ಬೆಳಕಿಲ್ಲದ್ದಕ್ಕೆ ಬರೋ ಖಿನ್ನತೆ, ಇದಕ್ಕೆ ಹೆಸ್ರೇ ಇದೆ ಅಂತ. 1984ರಲ್ಲಿ ನಾರ್ಮನ್ ರೋಸೆಂತಾಲ್ ಅನ್ನೋ ವೈದ್ಯರು ತಮ್ಮ ಜೊತೆಯೋರ ಜೊತೆ ಸೇರಿ ಇದನ್ನ ಮೊದಲು ಸರಿಯಾಗಿ ಬರೆದಿದ್ದಂತೆ. ಮದ್ದು ಏನು ಗೊತ್ತಾ, 10,000 ಲಕ್ಸ್ (ಬೆಳಕು ಅಳೆಯೋ ಲೆಕ್ಕ) ಬೆಳಕು ಕೊಡೋ ಒಂದು ದೀಪದ ಡಬ್ಬ, ಬೆಳಗ್ಗೆ ಅರ್ಧ ಗಂಟೆ ಅದರ ಮುಂದೆ ಕೂರ್ಬೇಕು. ನಾನು ಅದರ ಮುಂದೆ ಕೂತೇ ಹುರುಳಿಕಾಯಿ ಹೆಚ್ತೀನಿ. ಊರಲ್ಲಿ ಬಿಸಿಲಿಗೆ ಸೆರಗು ಮುಚ್ಕೊಂಡು ಓಡಾಡಿದೋಳು ಇಲ್ಲಿ ದುಡ್ಡು ಕೊಟ್ಟು ಬಿಸಿಲು ತಗೊಂಡಿದೀನಿ, ಜೊತೆಗೆ ವಿಟಮಿನ್ ಡಿ ಮಾತ್ರೆ ಬೇರೆ, ಯಾಕಂದ್ರೆ ಇಷ್ಟು ಉತ್ತರದಲ್ಲಿ ಚಳಿಗಾಲದ ಬಿಸಿಲಲ್ಲಿ ನಿಂತ್ರೂ ಮೈ ಅದನ್ನ ಮಾಡ್ಕೊಳ್ಳಲ್ಲ.

ಹೀಗಿರೋವಾಗ ದ್ವೀಪದ ಆಸೆ ಹತ್ತದೇ ಇರುತ್ತಾ. ಇಲ್ಲಿ ಅದು ಎಲ್ರಿಗೂ ಇರೋ ಜ್ವರ. ರಿಟೈರ್ ಆದೋರು ಚಳಿ ಶುರು ಆಗ್ತಿದ್ದಂಗೆ ಫ್ಲೋರಿಡಾ ಅರಿಜೋನಾ ಕಡೆ ಹೊರಟುಬಿಡ್ತಾರೆ, ಅವ್ರಿಗೆ ಸ್ನೋಬರ್ಡ್ ಅಂತಾನೇ ಹೆಸರು, ನಮ್ಮ ರಂಗನತಿಟ್ಟಿಗೆ ಹಕ್ಕಿಗಳು ಬರಲ್ವಾ ಹಾಗೇ. ನಾನು ಹಿಡ್ಕೊಂಡಿದ್ದು ಹವಾಯಿಯ ಕವಾಯಿ ದ್ವೀಪ. ಅಡುಗೆಮನೆ ಕ್ಯಾಲೆಂಡರಲ್ಲಿ ಅದರ ಫೋಟೋ ಇತ್ತು, ಅಷ್ಟೇ ಕಾರಣ. 2024ರ ಫೆಬ್ರವರಿಲಿ ನಮ್ಮನೆಯೋರು ಒಪ್ಪಿದ್ರು, ಎರಡು ವಿಮಾನ ಬದಲಾಯ್ಸಿ ಹೋಗಿ ಇಳಿದ್ವಿ.

ಅಲ್ಲಿ ಸಮುದ್ರ ಹೇಗಿತ್ತು ಅಂತ ನಾನು ಬರೆಯಲ್ಲ, ಅದನ್ನ ನಿಮ್ಮ ಪುರವಣಿಯೋರು ಚೆನ್ನಾಗಿ ಬರೀತಾರೆ. ನಾನು ನೋಡಿದ್ದು ಬಾಗ್ಲು. ನಾವು ಇಳ್ಕೊಂಡಿದ್ದ ಮನೆಗೆ ಮುಂದೆ ದೊಡ್ಡ ಜಗಲಿ, ಅವ್ರು ಲನಾಯ್ ಅಂತಾರೆ, ಬಾಗ್ಲು ಬೆಳಗ್ಗೆ ತೆಗೆದ್ರೆ ರಾತ್ರಿ ಮಲಗೋವಾಗಲೇ ಹಾಕೋದು, ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆ ಹೋಗುತ್ತೆ. ದಾರಿಲಿ ಹೋಗೋರು ಕೈ ಎತ್ತಿ ಮಾತಾಡಿಸ್ತಾರೆ. ಊರ ತುಂಬ ಯಾರದ್ದೂ ಅಲ್ಲದ ಕೋಳಿಗಳು, 1992ರ ಇನಿಕಿ ಚಂಡಮಾರುತಕ್ಕೆ ಗೂಡು ಒಡೆದು ಓಡಿಹೋದ ಕೋಳಿಗಳ ಸಂತಾನ ಅಂತ ಅಲ್ಲಿಯೋರು ಹೇಳ್ತಾರೆ, ಬೆಳಗಿನ ಜಾವ ನಾಲ್ಕಕ್ಕೇ ಕೂಗಕ್ಕೆ ಶುರು. ನಮ್ಮನೆಯೋರು ಬೈಕೊಂಡ್ರು, ನಾನು ಎದ್ದು ಕೂತು ಕೇಳಿದೆ. ಹನಲೇಯಿ ಅನ್ನೋ ಕಣಿವೆಲಿ ಗದ್ದೆ ತುಂಬ ನೀರು ನಿಲ್ಲಿಸಿ ಕೆಸು ಬೆಳೀತಾರೆ, ನಮ್ಮಲ್ಲಿ ಭತ್ತ ಹೇಗೋ ಹಾಗೆ. ಗೆಡ್ಡೆ ಬೇಯಿಸಿ ಜಜ್ಜಿ ಪೊಯ್ ಮಾಡ್ತಾರೆ, ಎಲೇಲಿ ಮೀನೋ ಮಾಂಸನೋ ಸುತ್ತಿ ಹಬೇಲಿ ಬೇಯಿಸ್ತಾರೆ. ಪತ್ರೊಡೆ ತಿಂದು ಬೆಳೆದೋಳಿಗೆ ಅದನ್ನ ನೋಡಿ ಏನಾಗಿರ್ಬೇಡ ಹೇಳಿ. ಆ ದ್ವೀಪದ ನಡುವಿನ ಬೆಟ್ಟಕ್ಕೆ ಬೀಳೋ ಮಳೆ ನಮ್ಮ ಆಗುಂಬೆಗಿಂತ ಜಾಸ್ತಿ ಅಂದ್ರೆ ಅಮ್ಮ ಇವತ್ತಿಗೂ ನಂಬಲ್ಲ, ಆಗುಂಬೆಗೆ ಅವಮಾನ ಆದಂಗೆ ಮಾತಾಡ್ತಾರೆ.

ಇನ್ನೊಂದು ವಿಷಯ, ಇದು ನಿಮ್ಮ ಓದುಗರಿಗೆ ಖುಷಿ ಆಗ್ಬಹುದು. ಅಲ್ಲಿ ಒಂದು ಹಿಂದೂ ಮಠ ಇದೆ, ಅದರ ಶಿವನ ದೇವಸ್ಥಾನ ಪೂರ್ತಿ ಬಿಳಿ ಗ್ರಾನೈಟು. ಆ ಕಲ್ಲನ್ನ ಕೆತ್ತಿದ್ದು ನಮ್ಮ ಬೆಂಗಳೂರ ಹತ್ರ, 1990ರಲ್ಲಿ ಶುರು ಮಾಡಿ ವರ್ಷಗಟ್ಟಲೆ ಕೈಯಲ್ಲೇ ಕೆತ್ತಿ, ಹಡಗಲ್ಲಿ ಸಾಗಿಸಿ, ಅಲ್ಲಿ ಜೋಡಿಸಿದಾರೆ, 2023ರಲ್ಲಿ ಕುಂಭಾಭಿಷೇಕ ಆಯ್ತು. ನಾನು ಕಂಬ ಮುಟ್ಟಿ ನೋಡ್ಬೇಕು ಅನ್ನೋಷ್ಟರಲ್ಲಿ ನಮ್ಮನೆಯೋರು ಅಂದ್ರು, "ನೋಡು, ಕಲ್ಲಿಗಾದ್ರೂ ಇಲ್ಲಿಗೆ ಬರಕ್ಕಾಯ್ತು."

ಯಾಕೆ ಹಾಗಂದ್ರು ಅಂದ್ರೆ ಅಷ್ಟೊತ್ತಿಗೆ ಲೆಕ್ಕ ಹಾಕಿ ಆಗಿತ್ತು. ಸಾಧಾರಣ ಮನೆಗೇ ಮಿಲಿಯನ್ ಡಾಲರ್ ಆಸುಪಾಸು, ತಿನ್ನೋ ಪದಾರ್ಥ ಬಹುಪಾಲು ಹಡಗಲ್ಲೇ ಬರ್ಬೇಕು, ಹಾಲಿನ ರೇಟು ಕೇಳಿದ್ರೆ ಕಾಫಿ ಬಿಡೋಣ ಅನ್ಸುತ್ತೆ. ನಮಗಿರ್ಲಿ, ಅಲ್ಲೇ ಹುಟ್ಟಿದೋರಿಗೇ ಅಲ್ಲಿ ಇರಕ್ಕಾಗ್ತಿಲ್ಲ. ಮೂಲ ಹವಾಯಿ ಜನ ಈಗ ಹವಾಯಿಗಿಂತ ಹೊರಗೇ ಜಾಸ್ತಿ ಇದಾರೆ, 2020ರ ಜನಗಣತಿಲೇ ಅದು ಬಂತು, ಲಾಸ್ ವೇಗಸ್‌ಗೆ ಎಷ್ಟು ಜನ ಹೋಗಿದಾರೆ ಅಂದ್ರೆ ಅದನ್ನ ಒಂಬತ್ತನೇ ದ್ವೀಪ ಅಂತ ಕರೀತಾರೆ (ಹವಾಯಿಲಿ ಮುಖ್ಯ ದ್ವೀಪ ಇರೋದು ಎಂಟು). ಮರಳುಗಾಡಿಗೆ ದ್ವೀಪ ಅಂತ ಹೆಸರು, ನೋಡಿ.

ಹನಲೇಯಿ ದಾರಿಲಿ ಪಪ್ಪಾಯಿ ಮಾರ್ತಿದ್ದ ಒಬ್ಬ ಹೆಂಗಸಿನ ಹತ್ರ ನಾನು ನಮ್ಮೂರಿನ ಗೋಳು ತೋಡ್ಕೊಂಡೆ. 2018ರ ಏಪ್ರಿಲ್ ಮಧ್ಯದಲ್ಲಿ, ಯುಗಾದಿ ಆಗಿ ತಿಂಗಳಾದ್ಮೇಲೆ, ನಮ್ಮಲ್ಲಿ ಒಂದೂಕಾಲು ಅಡಿ ಮೇಲೆ ಹಿಮ ಬಿತ್ತು, ನಾನು ಸಲಿಕೆ ಹಿಡ್ಕೊಂಡು ಅತ್ತಿದ್ದೆ ಅಂತ. ಯಾವ ತಾರೀಕು ಅಂದ್ರು. ಹದಿನಾಲ್ಕು ಹದಿನೈದು ಅಂದೆ. ಆಯಮ್ಮ ನಕ್ಕುಬಿಟ್ರು. ಅದೇ ಎರಡು ದಿನ ಅವ್ರೂರಲ್ಲಿ 24 ಗಂಟೇಲಿ 49.69 ಇಂಚು ಮಳೆ, ಅಂದ್ರೆ ಬೆಂಗಳೂರಿಗೆ ವರ್ಷ ಪೂರ್ತಿ ಬೀಳೋದಕ್ಕಿಂತ ಜಾಸ್ತಿ, ಇಡೀ ಅಮೆರಿಕಕ್ಕೇ ದಾಖಲೆ. ಕೆಸುವಿನ ಗದ್ದೆಗಳೆಲ್ಲ ಮುಳುಗಿ, ಸಾಕಿದ ಕಾಡೆಮ್ಮೆಗಳು ನೀರಲ್ಲಿ ತೇಲಿ ಬೀಚಿಗೆ ಬಂದಿದ್ವಂತೆ, ಗುಡ್ಡ ಕುಸಿದು ರಸ್ತೆ ಹೋಯ್ತು. ಹನಲೇಯಿ ಆಚೆಗೆ ಊರಿನೋರನ್ನ ಬಿಟ್ರೆ ಬೇರೆ ಯಾರನ್ನೂ 2019ರ ಜೂನ್‌ವರೆಗೂ ಬಿಡಲಿಲ್ಲ. ಪಾಪ ಎಷ್ಟು ಕಷ್ಟ ಆಯ್ತೋ ಅಂದೆ. ಕಷ್ಟ ಆಯ್ತು, ಆದ್ರೆ ಆ ಒಂದು ವರ್ಷ ನಮ್ಮೂರು ನಮಗೆ ಸಿಕ್ಕಿತ್ತು, ಬೀಚಲ್ಲಿ ನಮ್ಮ ಮಕ್ಕಳೇ ಇದ್ರು ಅಂದ್ರು.

ನನಗೆ ಮುಖಕ್ಕೆ ಹೊಡೆದಂಗಾಯ್ತು. ಯಾಕಂದ್ರೆ ಶನಿವಾರ ಭಾನುವಾರ ಆಗುಂಬೆ ಘಾಟಿಲಿ ಸಾಲಾಗಿ ಕಾರು ನಿಲ್ಸೋರನ್ನ, ಹೋಂಸ್ಟೇ ಮಾಡ್ತೀವಿ ಅಂತ ತೋಟ ಕೊಳ್ಳಕ್ಕೆ ಬರೋರನ್ನ ನೋಡಿ ನಮ್ಮನೆ ಜಗಲಿಲಿ ಕೂತು ನಾವೂ ಇದೇ ಥರ ಮಾತಾಡಿದೋರಲ್ವಾ. ನಾಲ್ಕು ಪಪ್ಪಾಯಿ ತಗೊಂಡೆ, ಚಿಲ್ಲರೆ ವಾಪಸ್ ಬೇಡ ಅಂದೆ, ಅದಕ್ಕಿಂತ ಹೆಚ್ಚು ಏನು ಮಾಡೋದು ಗೊತ್ತಾಗ್ಲಿಲ್ಲ.

ಆಸೆ ಹೋಯ್ತಾ ಅಂದ್ರೆ ಹೋಗಿಲ್ಲ ಸ್ವಾಮಿ. ಈಗ್ಲೂ ರಾತ್ರಿ ಮೊಬೈಲಲ್ಲಿ ಅಲ್ಲಿಯ ಮನೆಗಳ ರೇಟು ನೋಡ್ತೀನಿ, ಆಯಮ್ಮ ನೆನಪಾದ್ರೆ ಮುಚ್ಚಿಡ್ತೀನಿ. ನಿಮ್ಮಲ್ಲಿ ಕೇಳ್ಕೊಳ್ಳೋದು ಇಷ್ಟೇ, ಮುಂದಿನ ಸಲ ಹಿಮದ ಬಗ್ಗೆ ಬರೆಸೋವಾಗ ಡಿಸೆಂಬರಲ್ಲಿ ಬಂದು ಹೋದೋರ ಜೊತೆ ಫೆಬ್ರವರಿವರೆಗೂ ಇದ್ದೋರನ್ನೂ ಒಂದ್ಮಾತು ಕೇಳ್ಸಿ, ಮಕ್ಕಳನ್ನ ಓದಕ್ಕೆ ಈ ಕಡೆ ಕಳಿಸೋ ಅಪ್ಪ ಅಮ್ಮಂದಿರು ಸ್ವೆಟರ್ ಜೊತೆಗೆ ಆ ಬೆಳಕಿನ ಡಬ್ಬದ ವಿಷಯನೂ ತಿಳ್ಕೊಂಡಿರ್ಲಿ. ಮತ್ತೆ ದ್ವೀಪಗಳ ಬಗ್ಗೆ ಬರೆಸೋವಾಗ ಪಪ್ಪಾಯಿ ಮಾರೋರ ಮಾತೂ ಇರ್ಲಿ.

ಬೆಳಗ್ಗೆ ಏಳೂಕಾಲು ಈಗ, ಇನ್ನೂ ಕತ್ತಲೆ. ರಾತ್ರಿ ಹಿಮ ತೆಗೆಯೋ ಗಾಡಿ ಬಂದು ಹೋಗಿದೆ, ರಸ್ತೆದನ್ನೆಲ್ಲ ತಂದು ನಮ್ಮ ಗೇರಾಜಿನ ದಾರಿಗೆ ಅಡ್ಡ ಗೋಡೆ ಹಾಕಿದಂಗೆ ಹಾಕಿದೆ. ನಮ್ಮನೆಯೋರು ಸಲಿಕೆ ಹಿಡ್ಕೊಂಡು ಹೊರಗಿದಾರೆ, ನಾನು ಎಷ್ಟಾಯ್ತು ಅಂತ ನೋಡಕ್ಕೆ ಬಾಗ್ಲು ತೆಗೆದೆ, ಅಲ್ಲಿಂದಲೇ ಕೂಗ್ತಾ ಇದಾರೆ, ಹೀಟರಿನ ದುಡ್ಡೆಲ್ಲ ಹೊರಗೆ ಹೋಗ್ತಿದೆ, ಬಾಗ್ಲು ಹಾಕೇ ಮಾರಾಯ್ತಿ ಅಂತ.

ಇಂತಿ,
ಮಿನ್ನೆಸೋಟಾದಿಂದ ನಿಮ್ಮ ಓದುಗಿ