ಎಚ್-ಇಂಡೆಕ್ಸ್ ಹೇಳದ ಕೋಲಾರದ ಲೆಕ್ಕ

ಸಾಧಕರ ಪರಿಚಯವೆಂದು ಸುದ್ದಿಪತ್ರಕ್ಕೆ ಬರುವ ಬರಹಗಳಲ್ಲಿ ಸಸ್ಯ ಆಣ್ವಿಕ ಜೀವವಿಜ್ಞಾನಿಗಳದ್ದು ಹೆಚ್ಚೂಕಡಿಮೆ ಒಂದೇ ಅಚ್ಚು: ಇಷ್ಟು ಪ್ರಬಂಧ, ಇಷ್ಟು ಸೈಟೇಶನ್ (ಬೇರೆಯವರು ಉಲ್ಲೇಖಿಸಿದ ಲೆಕ್ಕ), ಎಚ್-ಇಂಡೆಕ್ಸ್ ಇಷ್ಟು. ಈ ಇಂಡೆಕ್ಸನ್ನು ಭೌತವಿಜ್ಞಾನಿ ಹಿರ್ಶ್ 2005ರಲ್ಲಿ ಸೂಚಿಸಿದರು. ತಲಾ 30 ಸಲವಾದರೂ ಉಲ್ಲೇಖಗೊಂಡ 30 ಪ್ರಬಂಧಗಳಿದ್ದರೆ ಎಚ್-ಇಂಡೆಕ್ಸ್ 30. ವಯಸ್ಸಾದಂತೆ ಏರಬಹುದೇ ಹೊರತು ಇಳಿಯುವುದಿಲ್ಲ. ಪ್ರಯೋಗಕ್ಕೆಂದೇ ಬೆಳೆಸುವ ಅರಾಬಿಡಾಪ್ಸಿಸ್ ಗಿಡದ ಮೇಲೆ ಬರೆದದ್ದನ್ನು ಓದುವ ಪ್ರಯೋಗಾಲಯಗಳು ಜಗತ್ತಿನ ತುಂಬ ಇವೆ, ರಾಗಿಯ ಮೇಲೆ ಬರೆದದ್ದಕ್ಕೆ ಓದುಗರೇ ಕಡಿಮೆ. ಇಬ್ಬರನ್ನೂ ಒಂದೇ ಅಂಕಿಯಿಂದ ಅಳೆಯುವುದು ಅನ್ಯಾಯ.

ಅಂಕಿ ಬಿಟ್ಟು ಏನು ಬರೆಯಬೇಕು? ಕೋಲಾರದ ಟೊಮ್ಯಾಟೊ ನೋಡಿ.

1999ರಲ್ಲಿ ಕೋಲಾರದ ಹೊಲಗಳಲ್ಲಿ ವೈರಸ್ಸಿನಿಂದ ಬರುವ ಎಲೆ ಮುಟುರು ರೋಗ ಎಂದಿಲ್ಲದಷ್ಟು ಹಬ್ಬಿತು. ರೋಗ ಹಳೆಯದೇ, ಹರಡುವ ಬಿಳಿನೊಣ ಮಾತ್ರ ಹೊಸದು. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ವಿ. ಮುನಿಯಪ್ಪ, ಇಂಗ್ಲೆಂಡಿನ ನ್ಯಾಚುರಲ್ ರಿಸೋರ್ಸಸ್ ಇನ್‌ಸ್ಟಿಟ್ಯೂಟಿನ ಜಾನ್ ಕಾಲ್ವಿನ್ ಮತ್ತು ಅವರ ಜೊತೆಗಾರರು ಆ ನೊಣ 'ಬಿ' ಬಯೋಟೈಪ್ (ಒಂದು ಒಳಬಗೆ) ಎಂದು ಗುರುತಿಸಿ 2001ರಲ್ಲಿ ಚಿಕ್ಕದೊಂದು ಟಿಪ್ಪಣಿ ಪ್ರಕಟಿಸಿದರು. ಭಾರತದಲ್ಲಿ ಅದರ ಮೊದಲ ವರದಿ ಅದು. ಬಿಳಿನೊಣದ ಬಯೋಟೈಪ್‌ಗಳನ್ನು ಬರಿಗಣ್ಣಿನಿಂದ ಬೇರೆ ಮಾಡಲಾಗದು. ಮೈಟೋಕಾಂಡ್ರಿಯದ ಸಿಒಐ ಜೀನನ್ನು ಓದಬೇಕು, ಇಲ್ಲವೇ ಮರಿಗಳನ್ನು ಕುಂಬಳದ ಜಾತಿಯ ಗಿಡದ ಮೇಲೆ ಬಿಟ್ಟು ಹೊಸ ಎಲೆ ಬೆಳ್ಳಿಬಣ್ಣಕ್ಕೆ ತಿರುಗುತ್ತದೆಯೇ ನೋಡಬೇಕು. ಅದೇ ವಿಶ್ವವಿದ್ಯಾಲಯದಿಂದ ರೋಗ ತಡೆಯುವ ಸಂಕ್ರಾಂತಿ, ನಂದಿ, ವೈಭವ್ ತಳಿಗಳು ಬಂದವು. ಇವು ಹೈಬ್ರಿಡ್ ಅಲ್ಲ, ರೈತ ಬೀಜ ಉಳಿಸಿಕೊಳ್ಳಬಹುದು. ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ರಕ್ಷಕ್ ಎಲೆ ಮುಟುರು, ದುಂಡಾಣು ಸೊರಗು, ಅಂಗಮಾರಿ ಮೂರನ್ನೂ ತಡೆಯುತ್ತದೆ. ಆದರೆ ಅದು ಹೈಬ್ರಿಡ್, ಪ್ರತಿ ಬೆಳೆಗೂ ಬೀಜ ಕೊಳ್ಳಬೇಕು.

ನಿರೋಧಕ ಜೀನುಗಳು ಬಂದದ್ದು ಟೊಮ್ಯಾಟೊದ ಕಾಡು ನೆಂಟರಿಂದ: ಟಿವೈ-1 ಮತ್ತು ಟಿವೈ-3 ಸೋಲಾನಮ್ ಚಿಲೆನ್ಸೆಯಿಂದ, ಟಿವೈ-2 ಸೋಲಾನಮ್ ಹ್ಯಾಬ್ರೋಕೈಟಿಸ್‌ನಿಂದ. ಟಿವೈ-1, ಟಿವೈ-3 ಒಂದೇ ಜೀನಿನ ಎರಡು ರೂಪಗಳು ಎಂದು 2013ರಲ್ಲಿ ಗೊತ್ತಾಯಿತು. ಅದು ವೈರಸ್ಸಿನ ಡಿಎನ್‌ಎ ಮೇಲೆ ಮೀಥೈಲ್ ಗುಂಪುಗಳೆಂಬ ರಾಸಾಯನಿಕ ಗುರುತುಗಳು ಹೆಚ್ಚಾಗುವಂತೆ ಮಾಡಿ ವೈರಸ್ಸನ್ನು ಹದ್ದುಬಸ್ತಿನಲ್ಲಿಡುತ್ತದೆ, ಕೊಲ್ಲುವುದಿಲ್ಲ. ಹಾಗಾಗಿ ಹಸಿರಾಗಿ ನಗುವ ಗಿಡದೊಳಗೂ ವೈರಸ್ ಇರಬಹುದು, ಬಿಳಿನೊಣ ಅಲ್ಲಿಂದಲೂ ಅದನ್ನು ಹೊತ್ತೊಯ್ಯಬಹುದು. ನಿರೋಧಕ ತಳಿ ಹಾಕಿದವರೂ ಸಸಿಮಡಿಗೆ 40ರಿಂದ 50 ಮೆಶ್‌ನ (ಸಣ್ಣ ಕಣ್ಣಿನ) ಬಲೆ ಕಟ್ಟಬೇಕೆನ್ನುವುದು ಇದಕ್ಕೇ. ಎಳೆಯ ಸಸಿಗೆ ಸೋಂಕು ತಗುಲಿದರೆ ನಷ್ಟ ಹೆಚ್ಚು.

ಜೀನ್ ಗೊತ್ತಾದ ಮೇಲೆ ಅದು ಯಾವ ಸಸಿಗೆ ಬಂದಿದೆ ಎಂದು ಹುಡುಕುವ ಕೆಲಸ ಬೇಸರದ್ದು, ನಿಜವಾದ ಪರಿಣತಿ ಕಾಣುವುದೂ ಅಲ್ಲೇ. ಸುಮಾರು 100 ಮಿಲಿಗ್ರಾಂ ಎಳೆ ಎಲೆ ಅರೆದು, ಕೋಶ ಒಡೆಯುವ 2% ಸಿಟ್ಯಾಬ್ ದ್ರಾವಣದಲ್ಲಿ 65 ಡಿಗ್ರಿಗೆ ಅರ್ಧ ಗಂಟೆ ಇಟ್ಟು, ಕ್ಲೋರೋಫಾರಂ ಹಾಕಿ ತಿರುಗಿಸಿ, ಐಸೊಪ್ರೊಪನಾಲ್‌ನಿಂದ ಡಿಎನ್‌ಎ ಇಳಿಸಿ, 70% ಎಥನಾಲ್‌ನಲ್ಲಿ ತೊಳೆದು, ಬೇಕಾದ ತುಣುಕನ್ನು ಅಸಂಖ್ಯ ಪ್ರತಿ ಮಾಡುವ ಪಿಸಿಆರ್‌ಗೆ ಹಾಕುತ್ತಾರೆ. ಎಲೆ ಬಲಿತಿದ್ದರೆ ಪಾಲಿಫೀನಾಲ್‌ನಿಂದ ಡಿಎನ್‌ಎ ಕಂದಾಗುತ್ತದೆ. ಎಥನಾಲ್ ಪೂರ್ತಿ ಆರದಿದ್ದರೆ ಪಿಸಿಆರ್ ಹಿಡಿಯುವುದಿಲ್ಲ. ಡಿಎನ್‌ಎ ಹಾಕದ ನಳಿಕೆಯಲ್ಲೂ ಪಟ್ಟಿ (ಆ ತುಣುಕು ಇದೆಯೆಂದು ತೋರಿಸುವ ಗೆರೆ) ಕಂಡರೆ ಆ ಸುತ್ತಿನ ಫಲಿತಾಂಶ ಪೂರ್ತಿ ಕಸ.

ದೊಡ್ಡ ತೊಡಕು ಇನ್ನೊಂದಿದೆ. ಮಾರ್ಕರ್, ಅಂದರೆ ಜೀನಿನ ಸುಳಿವಿಗಾಗಿ ಹುಡುಕುವ ಡಿಎನ್‌ಎ ಗುರುತು, ಜೀನಿನಿಂದ ದೂರವಿದ್ದರೆ ಪಟ್ಟಿ ಇದ್ದರೂ ಜೀನ್ ಇಲ್ಲದಿರಬಹುದು. ಟಿವೈ-1 ಕೂತಿರುವುದು 6ನೇ ಕ್ರೋಮೋಸೋಮಿನಲ್ಲಿ, ಬೇರುಗಂಟು ಜಂತುಹುಳು ತಡೆಯುವ ಎಂಐ-1 ಜೀನಿನ ಹತ್ತಿರ. ಕಾಡು ಜಾತಿಯಿಂದ ಬಂದ ತುಂಡು ಅಲ್ಲಿ ತಿರುಗುಮುರುಗಾಗಿರುವುದರಿಂದ ಜೋಡಿ ಕ್ರೋಮೋಸೋಮುಗಳ ನಡುವೆ ತುಂಡುಗಳ ಅದಲುಬದಲು ನಡೆಯುವುದೇ ಅಪರೂಪ. ಎರಡು ಗುಣಗಳನ್ನೂ ಒಂದೇ ತಳಿಯಲ್ಲಿ ಕೂಡಿಸಲು ಸಸಿಗಳನ್ನು ರಾಶಿಗಟ್ಟಲೆ ಜರಡಿ ಹಿಡಿಯಬೇಕು. ವರ್ಷಗಳು ಕಳೆದರೂ ಅದರಿಂದ ಒಂದು ಪ್ರಬಂಧ ಹುಟ್ಟಿದರೆ ಹೆಚ್ಚು, ಅದಕ್ಕೂ ಸೈಟೇಶನ್ ಕಮ್ಮಿ. ಜೀನ್ ಕಂಡುಹಿಡಿದವರಿಗೆ ಸಿಗುವ ಹೆಸರು ಅದನ್ನು ತಳಿಗೆ ಇಳಿಸಿದವರಿಗೆ ಸಿಗುವುದಿಲ್ಲ ಎಂಬುದು ಈ ಕ್ಷೇತ್ರದ ಹಳೆಯ ಕೊರಗು, ನಮ್ಮ ಮಟ್ಟಿಗೆ ಅದು ನ್ಯಾಯವಾದದ್ದೇ.

ಆದ್ದರಿಂದ ಮುಂದಿನ ಸಂಚಿಕೆಗೆ ಪರಿಚಯ ಬರೆಯುವವರಲ್ಲಿ ಒಂದು ಕೋರಿಕೆ. ಎಚ್-ಇಂಡೆಕ್ಸ್ ಇರಲಿ, ಒಂದೇ ಸಾಲಿನಲ್ಲಿ ಮುಗಿಸಿ. ಅವರು ಯಾವ ಜೀನಿನ ಬೆನ್ನುಹತ್ತಿದ್ದರು, ಅವರ ಮಾರ್ಕರನ್ನು ಬೇರೆ ಪ್ರಯೋಗಾಲಯಗಳು ಈಗಲೂ ಬಳಸುತ್ತಿವೆಯೇ, ಅದರಿಂದ ತಳಿಯೊಂದು ಬಂದಿದ್ದರೆ 1966ರ ಬೀಜ ಕಾಯ್ದೆಯಡಿ ಅಧಿಸೂಚನೆಯಾಗಿದೆಯೇ, ಅದರ ಬ್ರೀಡರ್ ಬೀಜಕ್ಕೆ (ತಳಿ ರೂಪಿಸಿದವರೇ ಕೊಡುವ ಮೂಲ ಬೀಜಕ್ಕೆ) ಈಗಲೂ ಬೇಡಿಕೆ ಹೋಗುತ್ತಿದೆಯೇ ಎಂಬುದನ್ನು ವಿಚಾರಿಸಿ ಬರೆಯಿರಿ. ಮುಳಬಾಗಿಲು, ಶ್ರೀನಿವಾಸಪುರದ ಕಡೆ ನೆಂಟರಿರುವವರು ನರ್ಸರಿಯಲ್ಲಿ ಯಾವ ಸಸಿ ಹೆಚ್ಚು ಮಾರಾಟವಾಗುತ್ತಿದೆ ಎಂದು ಫೋನಿನಲ್ಲಿ ಕೇಳಿ ತಿಳಿಸಿದರೂ ಆಯಿತು, ಅದನ್ನೂ ಪರಿಚಯದ ಜೊತೆಗೇ ಅಚ್ಚು ಹಾಕುತ್ತೇವೆ.