ಹನ್ನೆರಡಕ್ಕಿಂತ ಏಳೇ ದುಬಾರಿ

ಮಾನ್ಯ ಸಂಪಾದಕರೇ,

ಕಾರಿನ ಜಾಹೀರಾತುಗಳಲ್ಲಿ ತಿಂಗಳ ಕಂತನ್ನು ಅಂಗೈಯಗಲದ ಅಕ್ಷರದಲ್ಲಿ ಹಾಕುತ್ತಾರೆ. ಕೊನೆಗೆ ಒಟ್ಟು ಎಷ್ಟು ಕಟ್ಟಬೇಕು ಎಂಬುದು ಮಾತ್ರ ನಕ್ಷತ್ರ ಚಿಹ್ನೆಯ ಪಕ್ಕದಲ್ಲಿ ಇರುವೆ ಸಾಲಿನಂತಿರುತ್ತದೆ. ಇದರ ಬಗ್ಗೆ ನನ್ನದೊಂದು ತಕರಾರಿದೆ. ಇಪ್ಪತ್ತೆಂಟು ವರ್ಷ ಸಾಲದ ಲೆಜರ್ ಬರೆದು ನಿವೃತ್ತಳಾದವಳು ನಾನು. ಅಂಥ ನನಗೇ, ಮೊನ್ನೆ ಮಗಳು ಶೋರೂಮಿನಿಂದ ತಂದ ಮೂರು ಹಾಳೆಗಳನ್ನು ಬಿಡಿಸಿ ನೋಡಲು ಭೂತಗನ್ನಡಿಯೂ ಬೇಕಾಯಿತು, ಇಡೀ ಮಧ್ಯಾಹ್ನವೂ ಬೇಕಾಯಿತು.

ಒಂದು ಹಾಳೆಯಲ್ಲಿ 7 ಪರ್ಸೆಂಟ್ ಬಡ್ಡಿ, ಐದು ವರ್ಷ. ಇನ್ನೊಂದರಲ್ಲಿ 12 ಪರ್ಸೆಂಟ್, ಅದೇ ಐದು ವರ್ಷ. 'ಇದರಲ್ಲಿ ಯೋಚನೆ ಮಾಡೋಕೇನಿದೆ ಅಮ್ಮಾ, ಏಳೇ ಕಡಿಮೆ ಅಲ್ವಾ?' ಅಂದಳು. ಕಂತು ನೋಡು ಅಂದೆ. ಸಾಲ 100 ಎಂದಿಟ್ಟುಕೊಂಡರೆ ಏಳರದ್ದು ತಿಂಗಳಿಗೆ 2.25, ಹನ್ನೆರಡರದ್ದು 2.22! ತಪ್ಪು ಒತ್ತಿರಬೇಕು ಅಂದುಕೊಂಡು ಅವಳು ಫೋನಿನಲ್ಲಿ ಮತ್ತೊಮ್ಮೆ ಲೆಕ್ಕ ಹಾಕಿದಳು. ಮತ್ತೆ ಅಷ್ಟೇ ಬಂತು.

ತಪ್ಪೇನಿಲ್ಲ. ಏಳರದ್ದು ಫ್ಲಾಟ್ ರೇಟ್. ಕಂತು ಕಟ್ಟಿದಂತೆಲ್ಲ ಅಸಲು ಕರಗುತ್ತಿದ್ದರೂ, ಐದೂ ವರ್ಷ ಪೂರ್ತಿ ನೂರಕ್ಕೇ ಬಡ್ಡಿ ಹಾಕುತ್ತಾರೆ. ಬಡ್ಡಿ 35, ಅಸಲು ಸೇರಿ 135, ಅದನ್ನು 60 ತಿಂಗಳಿಗೆ ಹಂಚಿದರೆ ಕಂತು. ಹನ್ನೆರಡರದ್ದು ಬಾಕಿ ಉಳಿದ ಅಸಲಿಗೆ ಮಾತ್ರ ಬೀಳುವ ಬಡ್ಡಿ. ಆ ಲೆಕ್ಕಕ್ಕೆ ತಂದರೆ ಫ್ಲಾಟ್ ಏಳು ಅಂದರೆ ಹತ್ತಿರ ಹತ್ತಿರ ಹನ್ನೆರಡೂವರೆ. ಹಾಳೆಯಲ್ಲಿ 'ಫ್ಲಾಟ್' ಎಂಬ ಪದ ಇರಲಿಲ್ಲವೆಂದಲ್ಲ. ಇತ್ತು, ಹಿಂಬದಿಯಲ್ಲಿ.

ಕಂತು ಭಾರವಾದರೆ ಏಳು ವರ್ಷಕ್ಕೆ ಮಾಡಿಕೊಡುತ್ತೇವೆ ಎಂದೂ ಹೇಳಿ ಕಳಿಸಿದ್ದರು. ಹನ್ನೆರಡರ ಲೆಕ್ಕದಲ್ಲೇ ಕಂತು 1.77ಕ್ಕೆ ಇಳಿಯುತ್ತದೆ ನಿಜ. ಬಡ್ಡಿ ಮಾತ್ರ 33ರಿಂದ 48ಕ್ಕೆ ಏರುತ್ತದೆ. ಅದಕ್ಕಿಂತ ನನ್ನನ್ನು ಹೆದರಿಸಿದ್ದು ಬೇರೆ: ಮೂರು ವರ್ಷ ಒಂದೂ ತಪ್ಪದೆ ಕಟ್ಟಿದ ಮೇಲೂ ನೂರರಲ್ಲಿ 67 ಬಾಕಿ ಇರುತ್ತದೆ. ಅಷ್ಟರಲ್ಲಿ ಕಾರಿನ ಬೆಲೆ ಅದಕ್ಕಿಂತ ಕೆಳಗಿಳಿದಿದ್ದರೆ, ಮಾರಿದರೂ ಸಾಲ ತೀರದು.

ಮೂರನೆಯ ಹಾಳೆ ಲೀಸಿನದು, ಅಂದರೆ ಕಾರನ್ನು ಕೊಳ್ಳದೆ ತಿಂಗಳಿಗಿಷ್ಟು ಎಂದು ಕಟ್ಟಿ ಓಡಿಸಿ, ಅವಧಿ ಮುಗಿದ ಮೇಲೆ ವಾಪಸ್ ಕೊಡುವುದು; ಇದು ಮೂರು ವರ್ಷಕ್ಕೆ. ಕಾರಿನ ಬೆಲೆಯೂ ಅದೇ 100 ಎಂದಿಟ್ಟುಕೊಂಡರೆ ತಿಂಗಳಿಗೆ ಎರಡರ ಆಸುಪಾಸು. ಅಷ್ಟೇ ಅವಧಿಗೆ ಹನ್ನೆರಡರ ಸಾಲ ಮಾಡಿದರೆ ಕಂತು 3.32. ಇಷ್ಟು ಅಗ್ಗ ಹೇಗೆ ಅಂದರೆ, ಮೂರು ವರ್ಷದ ಕೊನೆಗೆ ಕಾರು 55 ಬೆಲೆ ಬಾಳುತ್ತದೆ ಎಂದು ಮೊದಲೇ ಬರೆದುಕೊಂಡಿದ್ದಾರೆ. ನಾವು ಕಟ್ಟುವುದು ಸವೆದುಹೋಗುವ 45ನ್ನು. ಅದರ ಮೇಲೆ ಬಡ್ಡಿ. ಬಡ್ಡಿ 45ಕ್ಕೆ ಮಾತ್ರವಲ್ಲ, ನಮ್ಮದಾಗದೇ ಉಳಿಯುವ ಆ 55ಕ್ಕೂ ಸೇರಿಯೇ ಬೀಳುತ್ತದೆ. ಒಟ್ಟು 73 ಕಟ್ಟಿ ಕೀಲಿ ವಾಪಸ್ ಕೊಟ್ಟು ಬರುವುದು. ಸಾಲದಲ್ಲಾದರೆ 120 ಕಟ್ಟಿ 55ರ ಕಾರು ಕೈಯಲ್ಲಿರುತ್ತದೆ, ನಿಜವಾದ ಖರ್ಚು 65. ಹೆಚ್ಚಿಗೆ ಹೋಗುವ ಎಂಟು, ತಿಂಗಳು ತಿಂಗಳು ನಮ್ಮ ಕೈಯಲ್ಲೇ ಉಳಿದ ದುಡ್ಡಿಗೆ ತೆರುವ ಬಾಡಿಗೆ. ಆ ದುಡ್ಡಿಗೆ ಒಳ್ಳೆಯ ಕೆಲಸ ಇದ್ದವರಿಗೆ, ಮೂರು ವರ್ಷಕ್ಕೊಮ್ಮೆ ಕಾರು ಬದಲಿಸಿಯೇ ತೀರುವವರಿಗೆ ಲೀಸ್ ಕೆಟ್ಟದ್ದೆಂದು ನಾನು ಹೇಳಲಾರೆ.

ನನ್ನ ಮಗಳಿಗೆ ಅದು ಆಗಿಬರುವುದಿಲ್ಲ. ಕರಾರಿನಲ್ಲಿ ವರ್ಷಕ್ಕೆ 12,000 ಕಿಲೋಮೀಟರ್ ಎಂದಿದೆ. ಅವಳು ಕೆಲಸಕ್ಕೆ ಹೋಗಿಬರುವುದೇ ದಿನಕ್ಕೆ 60, ತಿಂಗಳಿಗೆ 25 ದಿನ. ಅಲ್ಲಿಗೇ 18,000 ಆಯಿತು, ನೆಂಟರಿಷ್ಟರ ಮನೆ ಬೇರೆ. ಮೀರಿದ ಪ್ರತಿ ಕಿಲೋಮೀಟರಿಗೂ ದುಡ್ಡು, ಬಾಗಿಲಿನ ಗೀರಿಗೂ ದುಡ್ಡು, ನಡುವೆ ಬಿಟ್ಟುಕೊಟ್ಟರೆ ದಂಡ. ಇವೆಲ್ಲ ಎಂಟನೇ ಕಲಮಿನಲ್ಲಿವೆ. ಕಂತು ಮಾತ್ರ ಮೊದಲ ಪುಟದಲ್ಲಿ, ಕೆಂಪು ಶಾಯಿಯಲ್ಲಿ.

ಆ ಶೋರೂಮಿನ ಹುಡುಗನನ್ನು ಬೈಯಲು ನನಗೆ ಮನಸ್ಸಿಲ್ಲ. ಒಟ್ಟು ಎಷ್ಟಾಗುತ್ತದಪ್ಪಾ ಎಂದು ಫೋನಿನಲ್ಲಿ ಕೇಳಿದಾಗ ಪಾಪ, 'ಮೇಡಂ, ಅದನ್ನ ಯಾರೂ ಕೇಳಲ್ಲ' ಅಂದ. ನಿಮ್ಮ ಪತ್ರಿಕೆಯಲ್ಲೂ ಇಂಥ ಜಾಹೀರಾತು ಬರುತ್ತವೆ. ತಿಂಗಳ ಕಂತು ಎಷ್ಟು ದಪ್ಪಗಿದೆಯೋ ಅಷ್ಟೇ ದಪ್ಪಗೆ ಒಟ್ಟು ಮೊತ್ತವನ್ನೂ, ಬಡ್ಡಿ ಫ್ಲಾಟೋ ಅಲ್ಲವೋ ಎಂಬುದನ್ನೂ ಹಾಕಿ ಎಂದು ಜಾಹೀರಾತುದಾರರಿಗೆ ನೀವು ಹೇಳಬಹುದಲ್ಲವೇ?

ಇತಿ,
ನಿವೃತ್ತ ಲೆಕ್ಕಪತ್ರ ಗುಮಾಸ್ತೆ