ಕುರ್ಚಿಯಲ್ಲಿ ಕೂತವನಿಗೆ ಬೇರೆ ಕೆಲಸ ಹೇಳಬೇಡ

ಚಿತ್ರದುರ್ಗ

ಚಿ. ಮಗನಿಗೆ ನಿನ್ನ ದೊಡ್ಡಪ್ಪನ ಆಶೀರ್ವಾದಗಳು.

ದಾವಣಗೆರೆಯ ಈಜುಕೊಳ ಈ ಬೇಸಿಗೆಗೆ ನಿನ್ನ ಕೈಗೆ ಬಂತು ಅಂತ ನಿಮ್ಮಪ್ಪ ಫೋನ್ ಮಾಡಿದ್ದ. ತುಂಬಾ ಖುಷಿಯಾಯಿತು. ರಾತ್ರಿ ನಿದ್ದೆ ಮಾತ್ರ ಬರಲಿಲ್ಲ. ಎದ್ದು ಕೂತು ಇದನ್ನು ಬರೆಯುತ್ತಿದ್ದೇನೆ.

ಪರೀಕ್ಷೆ ಮುಗಿಸಿದ ಕಾಲೇಜು ಹುಡುಗರು ಲೈಫ್‌ಗಾರ್ಡ್ ಕೆಲಸ ಕೇಳಿಕೊಂಡು ಬರುತ್ತಾರೆ. ಭದ್ರಾ ನಾಲೆಯಲ್ಲಿ ಈಜು ಕಲಿತಿದ್ದೇನೆ ಸಾರ್ ಅನ್ನುತ್ತಾರೆ. ನಿಜವೇ ಇರುತ್ತದೆ. ಆದರೆ ತಾನು ಈಜುವುದು ಬೇರೆ, ಗಾಬರಿಯಲ್ಲಿ ಕುತ್ತಿಗೆಗೆ ಜೋತು ಬೀಳುವವನನ್ನು ದಡಕ್ಕೆ ಎಳೆದು ತರುವುದು ಬೇರೆ. ನಾಲ್ಕೂವರೆ ಕಿಲೋ ತೂಕದ ಕಲ್ಲೊಂದನ್ನು ಆಳದ ಕಡೆ ಹಾಕಿ, ಮುಳುಗಿ ತರಲು ಹೇಳು. ತರಲಾಗದವನು ಯಾರ ಶಿಫಾರಸು ಹಿಡಿದು ಬಂದಿದ್ದರೂ ಬೇಡ. ಹೆಂಗಸರ ಬ್ಯಾಚಿಗೆ ಲೈಫ್‌ಗಾರ್ಡ್ ಹೆಣ್ಣುಮಗಳೇ ಇರಲಿ.

ಈಗ ನಿಜವಾಗಿ ಹೇಳಬೇಕಾದ್ದು. ನಾನು ನೋಡಿಕೊಳ್ಳುತ್ತಿದ್ದ ಕೊಳದಲ್ಲಿ ಒಂದು ಮೇ ತಿಂಗಳ ಮಧ್ಯಾಹ್ನ ಟಿಕೆಟ್ ಕೊಡುವ ಹುಡುಗ ಊಟಕ್ಕೆ ಹೋಗಿದ್ದ. ಐದೇ ನಿಮಿಷ ಅಲ್ಲಿ ಕೂತಿರು ಅಂತ ಲೈಫ್‌ಗಾರ್ಡನ್ನು ಕಳಿಸಿದವನು ನಾನೇ. ಅಷ್ಟರಲ್ಲಿ ಎಂಟು ವರ್ಷದ ಹುಡುಗನೊಬ್ಬ ಮುಳುಗಿದ. ಸುತ್ತ ಮೂವತ್ತು ಜನ ಇದ್ದರು, ಯಾರಿಗೂ ಗೊತ್ತಾಗಲಿಲ್ಲ. ಮುಳುಗುವವರು ಕೂಗುವುದಿಲ್ಲ ಮಗಾ. ಬಾಯಿ ನೀರಿನಿಂದ ಮೇಲೆ ಬಂದ ಒಂದು ಕ್ಷಣ ಉಸಿರಿಗೇ ಸಾಲದು. ಕೈ ಬೀಸಿ ಕರೆಯುವುದೂ ಇಲ್ಲ, ಕೈ ನೀರನ್ನು ಒತ್ತುತ್ತಿರುತ್ತದೆ. ದೂರದಿಂದ ನೋಡಿದರೆ ಆಟ ಆಡಿದ ಹಾಗೇ ಕಾಣುತ್ತದೆ. ದಡದಲ್ಲಿದ್ದ ಯಾರೋ ತಾಯಿ ನೋಡಿ ಚೀರಿದಳು. ಹುಡುಗ ಉಳಿದ. ಅವತ್ತಿನಿಂದ ಲೈಫ್‌ಗಾರ್ಡ್ ಕುರ್ಚಿಯಲ್ಲಿ ಕೂತವನಿಗೆ ಒಂದು ಲೋಟ ನೀರು ತಾ ಅಂತಲೂ ನಾನು ಹೇಳಿಲ್ಲ.

ಕೂತವನು 10 ಸೆಕೆಂಡಿನಲ್ಲಿ ತನ್ನ ಭಾಗದ ನೀರನ್ನೆಲ್ಲ, ತಳದವರೆಗೂ, ನೋಡಿ ಮುಗಿಸಬೇಕು. ಏನಾದರೂ ಕಂಡರೆ 20 ಸೆಕೆಂಡಿನಲ್ಲಿ ಅಲ್ಲಿಗೆ ಮುಟ್ಟಬೇಕು. ನಮ್ಮ ಕಡೆಯ ಬಿಸಿಲಿನಲ್ಲಿ ಅರ್ಧ ಗಂಟೆಗಿಂತ ಜಾಸ್ತಿ ಯಾರ ಕಣ್ಣೂ ಹಾಗೆ ನಿಲ್ಲುವುದಿಲ್ಲ. ಬದಲಾಯಿಸುತ್ತಿರು. ನೆರಳು ಮಾಡಿಸು, ಮಜ್ಜಿಗೆ ಕೊಡಿಸು. ಬೇಕಾದ್ದಕ್ಕಿಂತ ಒಬ್ಬನನ್ನು ಜಾಸ್ತಿಯೇ ಇಟ್ಟುಕೋ. ವೈಶಾಖದಲ್ಲಿ ಅಕ್ಕನ ಮದುವೆ, ಅಣ್ಣನ ಮದುವೆ ಅಂತ ರಜೆ ಕೇಳುತ್ತಾರೆ. ಇಲ್ಲ ಅನ್ನಲು ಆಗುತ್ತದಾ? ಆ ಒಬ್ಬನ ಸಂಬಳ ದಂಡ ಅಂತ ಮಾಲೀಕರು ಹೇಳಬಹುದು. ನೀನು ಬಗ್ಗಬೇಡ. ಆಳು ಕಡಿಮೆಯಾದ ದಿನ ಆ ಬ್ಯಾಚನ್ನೇ ನಿಲ್ಲಿಸು, ದುಡ್ಡು ವಾಪಸ್ ಕೊಡು.

ನೀರಿನಿಂದ ತೆಗೆದವರಿಗೆ ಉಸಿರಿಲ್ಲದಿದ್ದರೆ ಮೊದಲು ಬಾಯಿಗೆ ಬಾಯಿಟ್ಟು ಉಸಿರು ಕೊಡಬೇಕು. ಆಮೇಲೆ 30 ಸಲ ಎದೆ ಒತ್ತಿ 2 ಸಲ ಉಸಿರು, ಹೀಗೇ ಬಿಡದೆ. ಇನ್ನೊಬ್ಬ 108ಕ್ಕೆ ಫೋನ್ ಮಾಡಲಿ. ಹೊಟ್ಟೆ ಅದುಮಿ ನೀರು ಕಕ್ಕಿಸುವುದು, ತಲೆಕೆಳಗೆ ಮಾಡುವುದು ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆ. ಬೇಡವೇ ಬೇಡ, ಅದರಲ್ಲಿ ಹೊತ್ತು ಹಾಳಾಗುತ್ತದೆ. ಎಲ್ಲ ಹುಡುಗರಿಗೂ ಇದನ್ನು ವೈದ್ಯರಿಂದಲೇ ಕಲಿಸು. ಬಾಗಿಲು ತೆರೆಯುವ ಮೊದಲೇ ಕಲಿಸು.

ನೀರಿನ ಲೆಕ್ಕ ನಿನಗೆ ಗೊತ್ತಿದೆ. ಕ್ಲೋರಿನ್ 1ರಿಂದ 3 ಪಿಪಿಎಂ, ಅಂದರೆ ಹತ್ತು ಲಕ್ಷ ಪಾಲು ನೀರಿಗೆ ಅಷ್ಟು ಪಾಲು. ನೀರಿನ ಹುಳಿ-ಕ್ಷಾರ ತೋರಿಸುವ ಪಿಎಚ್ 7.2ರಿಂದ 7.8. ಬಿಸಿಲಿಗೆ ಕ್ಲೋರಿನ್ ಬೇಗ ಹಾರಿಹೋಗುತ್ತದೆ, ಬೆಳಿಗ್ಗೆ ಒಂದು ಸಲ ನೋಡಿ ಸುಮ್ನೆ ಕೂರಬೇಡ. ಮೂಗಿಗೆ ಹೊಡೆಯುವ ವಾಸನೆ ಬಂದರೆ ಕ್ಲೋರಿನ್ ಜಾಸ್ತಿಯಾಯಿತು ಅಂತ ಜನ ತಿಳಿಯುತ್ತಾರೆ. ಅದು ಬೆವರು, ಉಚ್ಚೆ ಜೊತೆ ಕ್ಲೋರಿನ್ ಸೇರಿ ಬರುವ ವಾಸನೆ. ಆದ್ದರಿಂದ ಸ್ನಾನ ಮಾಡದೆ, ತಲೆಯ ಎಣ್ಣೆ ತೊಳೆಯದೆ ಯಾರನ್ನೂ ಇಳಿಸಬೇಡ. ಆಸಿಡ್ ಮತ್ತು ಬ್ಲೀಚಿಂಗ್ ಪೌಡರ್ ಒಂದೇ ಕೋಣೆಯಲ್ಲಿ ಇರಬಾರದು. ಎರಡೂ ಸೇರಿದರೆ ಏಳುವುದು ವಿಷದ ಗಾಳಿ. ಆಳದ ಕಡೆಯ ತಳ ದಡದಿಂದ ಕಾಣದಿದ್ದರೆ ಅವತ್ತು ಕೊಳ ಬಂದ್.

ಭರಣಿ ಮಳೆಯ ಹೊತ್ತಿಗೆ ಸಂಜೆ ಗುಡುಗು ಶುರುವಾಗುತ್ತದೆ. ಮೊದಲ ಗುಡುಗಿಗೇ ಸೀಟಿ ಊದಿ ಎಲ್ಲರನ್ನೂ ಮೇಲಕ್ಕೆ ಹತ್ತಿಸು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆಗುವವರೆಗೆ ಇಳಿಸಬೇಡ. ಜನ ಬೈಯುತ್ತಾರೆ, ಬೈಯಿಸಿಕೋ.

ಭಾನುವಾರ ಮೊದಲ ಬಸ್ಸಿಗೆ ಬರುತ್ತೇನೆ. ಹುಡುಗರನ್ನು ಏಳು ಗಂಟೆಗೆ ಬರಹೇಳು. ಕಲ್ಲು ನಾನೇ ಇಲ್ಲಿಂದ ತೂಗಿಸಿ ತರುತ್ತೇನೆ.

ಇಂತಿ ನಿನ್ನ
ದೊಡ್ಡಪ್ಪ